ಕರೆಯದೆ ಬಿಟ್ಟ ಮನೆಗಳು

ನಾನು ಏನು ಕೆಲಸ ಮಾಡುತ್ತಿದ್ದೆ ಎಂಬುದು ನಮ್ಮ ಯಜಮಾನರಿಗೆ ಇವತ್ತಿಗೂ ಸ್ಪಷ್ಟವಿಲ್ಲ. ಅವರು ಸರ್ಕಾರಿ ಕಾರ್ಖಾನೆಯಲ್ಲಿ ಇದ್ದು ನಿವೃತ್ತರಾದವರು. ಅವರ ಪ್ರಕಾರ ಕೆಲಸವೆಂದರೆ ಬೆಳಿಗ್ಗೆ ಒಂದು ಸೈರನ್, ಸಂಜೆ ಒಂದು ಸೈರನ್, ನಡುವೆ ಕೈಯಲ್ಲಿ ಹಿಡಿದು ನೋಡಬಹುದಾದ ಒಂದು ವಸ್ತು ತಯಾರಾಗಬೇಕು. ನಾನು ವೈಟ್‌ಫೀಲ್ಡ್ ಕಡೆಯ ಒಂದು ಅರ್ಥಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ಕ್ಷೇತ್ರ ಸಂಯೋಜಕಿಯಾಗಿದ್ದೆ. ಹೊರದೇಶಗಳಿಂದ ಡಾಕ್ಟರೇಟ್ ಮಾಡಲು ಬರುವ ಹುಡುಗ ಹುಡುಗಿಯರನ್ನು ಜನರ ಬಾಗಿಲಿಗೆ ಕರೆದುಕೊಂಡು ಹೋಗಿ, ನೀವು ತೆರಿಗೆ ಕಟ್ಟುತ್ತೀರಾ, ಕಟ್ಟದಿದ್ದರೆ ಯಾಕೆ ಎಂದು ಕನ್ನಡದಲ್ಲಿ ಕೇಳುವುದು, ಬಂದ ಉತ್ತರವನ್ನು ಇಂಗ್ಲಿಷಿನಲ್ಲಿ ಹೇಳುವುದು, ಕತ್ತಲಾಗುವುದರೊಳಗೆ ಅವರನ್ನು ವಾಪಸ್ ತಂದು ಬಿಡುವುದು. ಯಜಮಾನರು ನೆಂಟರಿಗೆ ನನ್ನನ್ನು ಫಾರಿನ್ನವರ ಗೈಡು ಎಂದು ಪರಿಚಯಿಸುತ್ತಿದ್ದರು. ಎಷ್ಟೋ ಜನ ನನ್ನ ಹತ್ತಿರ ಅರಮನೆಯ ಟಿಕೆಟ್ ದರ ವಿಚಾರಿಸಿದ್ದುಂಟು.

ಈಗ ನನ್ನ ಜಾಗಕ್ಕೆ ಹೊಸಬರು ಬಂದಿದ್ದಾರೆ. ಆಗಾಗ ಫೋನ್ ಮಾಡಿ, ಮೇಡಂ ಸ್ವಲ್ಪ ಟಿಪ್ಸ್ ಕೊಡಿ ಎನ್ನುತ್ತಾರೆ. ನನ್ನ ಹತ್ತಿರ ಟಿಪ್ಸ್ ಇಲ್ಲ. ನಡೆದದ್ದನ್ನು ಬರೆಯುತ್ತೇನೆ, ಬೇಕಾದ್ದನ್ನು ಅವರೇ ಆರಿಸಿಕೊಳ್ಳಲಿ.

ಮೊದಲ ವರ್ಷಗಳಲ್ಲಿ ಜರ್ಮನಿಯಿಂದ ಒಬ್ಬ ಹುಡುಗ ಬಂದಿದ್ದ. ಪೀಣ್ಯದ ಸಣ್ಣ ಕಾರ್ಖಾನೆಗಳ ತೆರಿಗೆ ಅವನ ವಿಷಯ. ಇಸ್ತ್ರಿ ಮಾಡಿದ ಬಿಳಿ ಶರಟು ತೊಟ್ಟು, ಫೈಲು ಹಿಡಿದುಕೊಂಡು ನನ್ನ ಜೊತೆ ಹೊರಟ. ಮೊದಲನೆಯ ಲೇತ್ ಅಂಗಡಿಯವರು ಕೂರಿಸಿ ಟೀ ಕೊಟ್ಟರು, ಎಲ್ಲದಕ್ಕೂ ಉತ್ತರ ಹೇಳಿದರು. ಟೀ ಕುಡಿದು ಮುಗಿಯುವಷ್ಟರಲ್ಲಿ ಯಾರೋ ಬಿಳಿ ಸಾಹೇಬರು ತೆರಿಗೆ ಕೇಳಲು ಬಂದಿದ್ದಾರೆ ಎಂಬ ಸುದ್ದಿ ನಮಗಿಂತ ಮುಂದೆ ಹೋಗಿತ್ತು. ನಾವು ಹೊರಗೆ ಬಂದಾಗ ಬೀದಿಯ ಎರಡೂ ಬದಿಯಲ್ಲಿ ಶಟರ್ ಎಳೆದಿದ್ದರು. ಹುಡುಗ ಒಂದೊಂದರ ಮುಂದೆಯೂ ನಿಂತು 'ಮುಚ್ಚಿದೆ' ಎಂದು ಗುರುತು ಹಾಕಿಕೊಂಡ. ಸಂಜೆ ಪೀಣ್ಯದ ಕೈಗಾರಿಕೆ ಕುಸಿಯುತ್ತಿದೆ ಎಂದು ಬರೆಯಲು ಕೂತ. ನಾವು ಆಟೋ ಹತ್ತಿದ ಮೇಲೆ ಎಲ್ಲವೂ ತೆರೆದಿರುತ್ತವೆ ಕಣಪ್ಪಾ ಎಂದೆ. ಪುರಾವೆ ಬೇಕೆಂದ. ಮಾರನೆಯ ದಿನ ಅದೇ ಬೀದಿಗೆ ಕರೆದುಕೊಂಡು ಹೋದೆ. ನಮ್ಮನ್ನು ನೋಡಿ ಮತ್ತೆ ಮುಚ್ಚಿದರು. ಅವನಿಗೆ ಪುರಾವೆ ಸಿಕ್ಕಿತು, ಅವನಿಗೆ ಬೇಕಾದದ್ದು.

ಆಮೇಲೆ ಫ್ರಾನ್ಸಿನಿಂದ ಬಂದವಳು ಬೊಮ್ಮಸಂದ್ರದಲ್ಲಿ ಗುತ್ತಿಗೆ ಕಾರ್ಮಿಕರ ಭವಿಷ್ಯನಿಧಿಯ ಬಗ್ಗೆ ಕೇಳಬೇಕೆಂದಳು. ಶಿಫ್ಟ್ ಬಿಡುವ ಹೊತ್ತಿಗೆ ಗೇಟಿನ ಹತ್ತಿರ ನಿಂತೆವು. ಕೈಯಲ್ಲಿ ಪ್ಯಾಡು ಹಿಡಿದು, ಹೆಸರೇನು, ಏನು ಓದಿದ್ದೀರಿ, ಎಷ್ಟು ಸಂಬಳ ಎಂದು ಕೇಳುವವರು ಯಾರಿರುತ್ತಾರೆ? ಕೆಲಸ ಕೊಡುವವರು. ಮೂರನೆಯ ದಿನ ಕ್ಯೂ ನಿಂತಿತ್ತು, ಎಲ್ಲರ ಕೈಯಲ್ಲೂ ಬಯೋಡೇಟಾ. ಇದನ್ನೆಲ್ಲ ಏನು ಮಾಡಲಿ ಎಂದು ಅವಳು ಅಳುವುದೊಂದು ಬಾಕಿ. ನಾನು ತೆಗೆದುಕೊಂಡು ಹೋಗಿ ನನಗೆ ಗೊತ್ತಿದ್ದ ಒಬ್ಬ ಕ್ಯಾಂಟೀನ್ ಕಂಟ್ರಾಕ್ಟರಿಗೆ ಕೊಟ್ಟೆ. ಇಬ್ಬರಿಗೆ ಕೆಲಸವಾಯಿತು. ನಮ್ಮ ಸಂಸ್ಥೆಯ ಸಂಶೋಧನೆಯಿಂದ ನೇರವಾಗಿ ಪ್ರಯೋಜನ ಪಡೆದವರಲ್ಲಿ ನಾನು ಕಣ್ಣಾರೆ ಕಂಡವರು ಆ ಇಬ್ಬರೇ.

ನಮ್ಮ ನಿರ್ದೇಶಕರು ಇದನ್ನೆಲ್ಲ ಕೇಳುತ್ತಿರಲಿಲ್ಲ. ಒಳ್ಳೆಯ ಮನುಷ್ಯರು, ಬೈದವರಲ್ಲ. ಅವರು ಕೇಳುತ್ತಿದ್ದದ್ದು ಎರಡೇ: ಫೋಟೋ ತೆಗೆದಿರಾ, ಟೇಬಲ್ ಬಂತಾ. ಟೇಬಲ್ ಎಂದರೆ ಅಂಕಿಗಳ ಪಟ್ಟಿ. ಒಂದು ಅಂಕಿಯ ಪಕ್ಕ ನಕ್ಷತ್ರ ಇದ್ದರೆ ಅದು ಗಟ್ಟಿಯಾದ ಅಂಕಿ, ಮೂರು ನಕ್ಷತ್ರ ಇದ್ದರೆ ವಿದ್ಯಾರ್ಥಿಗೆ ನೌಕರಿ ಗ್ಯಾರಂಟಿ ಎಂದು ನಾನು ಅರ್ಥ ಮಾಡಿಕೊಂಡಿದ್ದೆ. ಈಚೆಗೆ ಕಾಗದ ಹೋಗಿ ಟ್ಯಾಬ್ ಬಂತು. ಕಾಗದದಲ್ಲಿ ಅಂಚು ಇರುತ್ತಿತ್ತು, ಜನ ಹೇಳಿದ್ದರಲ್ಲಿ ಪ್ರಶ್ನೆಗೆ ಸಿಗದ ಮಾತನ್ನು ಅಲ್ಲಿ ಬರೆದುಕೊಳ್ಳುತ್ತಿದ್ದೆ. ಟ್ಯಾಬಿಗೆ ಅಂಚಿಲ್ಲ. ಒಂದು, ಎರಡು, ಮೂರು, ಕೊನೆಗೆ 'ಇತರೆ' ಎಂದು ಒಂದು ಗುಂಡಿ. ಅದರ ಕೆಳಗೆ ಬರೆದದ್ದನ್ನು ಯಾರೂ ಓದುವುದಿಲ್ಲ.

ಇನ್ನು ವಾಂಜಿರು. ಇವಳ ವಿಷಯವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು.

ವಾಂಜಿರು ಕೀನ್ಯಾ ದೇಶದ ಹುಡುಗಿ, ಯೂರೋಪಿನ ವಿಶ್ವವಿದ್ಯಾಲಯವೊಂದರಲ್ಲಿ ಡಾಕ್ಟರೇಟ್ ಮಾಡುತ್ತಿದ್ದಳು. ಹಳ್ಳಿಯ ಜನ ಪಂಚಾಯಿತಿಗೆ ಮನೆ ಕಂದಾಯ ಯಾಕೆ ಕಟ್ಟುತ್ತಾರೆ, ಯಾಕೆ ಕಟ್ಟುವುದಿಲ್ಲ ಎಂಬುದು ಅವಳ ವಿಷಯ. ಮಾಕಳಿಯಿಂದ ಒಳಗೆ ಹೋದರೆ ಸಿಗುವ ಒಂದು ಹಳ್ಳಿಯನ್ನು ಆರಿಸಿಕೊಂಡೆವು. ಹೆಸರು ಬೇಡ. ಜಮೀನೆಲ್ಲ ಕಾರ್ಖಾನೆಗೆ, ಗೋಡೌನಿಗೆ, ಲೇಔಟಿಗೆ ಹೋಗಿ, ಹಳೇ ರೈತರು ಸಾಲುಮನೆ ಕಟ್ಟಿಸಿ ಕಾರ್ಮಿಕರಿಗೆ ಬಾಡಿಗೆಗೆ ಕೊಟ್ಟುಕೊಂಡು ಕೂತಿರುವ ಊರು. ವೈಟ್‌ಫೀಲ್ಡಿನಿಂದ ದಿನಾ ಓಡಾಡುವುದು ಆಗದ ಮಾತು. ಹನುಮಕ್ಕ ಎಂಬವರ ಮನೆಯ ಮಹಡಿಯಲ್ಲಿ ಅವಳಿಗೊಂದು ರೂಮು ಹಿಡಿದುಕೊಟ್ಟೆ.

ಹನುಮಕ್ಕ ಅರವತ್ತು ದಾಟಿದ ಹೆಂಗಸು. ಅವರ ಯಜಮಾನರು ಹಗಲೆಲ್ಲ ಅರಳಿಕಟ್ಟೆಯ ಮೇಲೆ, ಬಾಡಿಗೆ ವಸೂಲಿ, ಪೈಂಟು, ಬೋರ್‌ವೆಲ್ಲು ಎಲ್ಲ ಈಕೆಯದೇ. ಮೊದಲ ದಿನ ಹುಡುಗಿಗೆ ಮುದ್ದೆ ಹಾಕಿ, ಇವಳು ನುಂಗುತ್ತಾಳೋ ಇಲ್ಲವೋ ನೋಡೋಣ ಎಂದು ಎದುರಿಗೆ ಕೂತರು. ಅವರ ದೇಶದಲ್ಲೂ ಹಿಟ್ಟು ತೊಳಸಿ ಮುದ್ದೆಯಂಥದ್ದನ್ನು ಮಾಡಿ ಕೈಯಲ್ಲಿ ಮುರಿದು ತಿನ್ನುತ್ತಾರಂತೆ. ವಾಂಜಿರು ಮುರಿದು, ಸೊಪ್ಪಿನ ಸಾರಿಗೆ ಅದ್ದಿ, ಇನ್ನೊಂದು ಕೇಳಿದಳು. ಅಷ್ಟು ಸಾಕಾಯಿತು. ಅಂದಿನಿಂದ ಅವಳು ಆ ಮನೆಯ ಮಗಳು. ಹನುಮಕ್ಕ ಅವಳನ್ನು 'ಮಗ' ಎಂದು ಕರೆದರು, ಅವಳ ತಲೆಗೂದಲಿನ ಸಣ್ಣ ಜಡೆಗಳನ್ನು ಬಿಚ್ಚಿ ಎಣ್ಣೆ ಹಚ್ಚಲು ಹೋಗಿ ಒಂದು ಇಡೀ ಭಾನುವಾರ ಕಳೆದುಕೊಂಡರು.

ವಾಂಜಿರು ಮಾಡಬೇಕೆಂದಿದ್ದ ಪ್ರಯೋಗ ಇಷ್ಟು. ಊರಿನ ಅರ್ಧ ಮನೆಗಳಿಗೆ ಹೋಗಿ, ಪಂಚಾಯಿತಿ ಕಚೇರಿಗೆ ಬನ್ನಿ, ನಿಮ್ಮ ಕಂದಾಯದ ದುಡ್ಡು ಯಾವ ಚರಂಡಿಗೆ, ಯಾವ ದೀಪಕ್ಕೆ ಹೋಯಿತು ಎಂದು ತೋರಿಸುತ್ತೇವೆ ಎಂದು ಖುದ್ದಾಗಿ ಕರೆಯುವುದು. ಉಳಿದ ಅರ್ಧ ಮನೆಗಳನ್ನು ಕರೆಯದೆ ಬಿಡುವುದು. ಮಾರ್ಚ್ ಮುಗಿದ ಮೇಲೆ ಯಾರು ಹೆಚ್ಚು ಕಟ್ಟಿದ್ದಾರೆ ನೋಡುವುದು. ಕರೆದವರು ಹೆಚ್ಚು ಕಟ್ಟಿದ್ದರೆ ಕರೆಯುವುದರಿಂದ ಲಾಭವಿದೆ ಎಂದಾಯಿತು. ಅವಳ ಪ್ರಬಂಧವೇ ಅದು. ಬೇಸಗೆಗೆ ವಿದ್ಯಾರ್ಥಿವೇತನ ಮುಗಿಯುತ್ತಿತ್ತು, ಇನ್ನೊಂದು ಪ್ರಯೋಗಕ್ಕೆ ಕಾಲವೂ ಇರಲಿಲ್ಲ, ಕಾಸೂ ಇರಲಿಲ್ಲ. ಯಾರನ್ನು ಕರೆಯಬೇಕು, ಯಾರನ್ನು ಬಿಡಬೇಕು ಎಂಬುದನ್ನು ಕಂಪ್ಯೂಟರ್ ಚೀಟಿ ಎತ್ತಿದ ಹಾಗೆ ಎತ್ತಿ ಹೇಳುತ್ತದೆ. ಬಿಟ್ಟ ಮನೆಯವರಿಗೆ ಪ್ರಯೋಗ ಮುಗಿಯುವ ತನಕ ಏನೂ ಹೇಳಕೂಡದು, ಹೇಳಿದರೆ ಲೆಕ್ಕ ಕೆಡುತ್ತದೆ.

ಅವಳು ಮೊದಲು ಅಚ್ಚು ಹಾಕಿಸಿದ ಕಾಗದ ಹಂಚುವ ಯೋಚನೆಯಲ್ಲಿದ್ದಳು. ಟ್ಯೂಷನ್ ಜಾಹೀರಾತಿನ ಜೊತೆ ಅದೂ ಕಸಕ್ಕೆ ಹೋಗುತ್ತದೆ, ಕರೆಯುವುದಾದರೆ ಕರೆಯುವ ಹಾಗೆ ಕರೆಯಬೇಕು ಎಂದು ಹೇಳಿದವಳು ನಾನು. ಹೊಸಿಲಲ್ಲಿ ನಿಂತು, ಕುಂಕುಮ ಕೊಟ್ಟು, ಮನೆಮಂದಿಯೆಲ್ಲ ಬರಬೇಕು ಎನ್ನಬೇಕು. ಕುಂಕುಮ ಬಳಸದ ಮನೆಗಳಲ್ಲಿ ಹೂವು ಕೊಟ್ಟರಾಯಿತು. ಅವಳ ಪ್ರೊಫೆಸರಿಗೆ ಇದು ಬಹಳ ಹಿಡಿಸಿತು. ನನ್ನ ಸಲಹೆ ಸರಿಯಾಗಿಯೇ ಇತ್ತು ಎಂದು ಈಗಲೂ ಹೇಳುತ್ತೇನೆ. ಕರೆದ ಮನೆಗಳ ಮಟ್ಟಿಗೆ.

ಕಂಪ್ಯೂಟರ್ ಎತ್ತಿದ ಚೀಟಿಯಲ್ಲಿ ಹನುಮಕ್ಕನ ಮನೆ ಕರೆಯದ ಗುಂಪಿಗೆ ಬಿತ್ತು. ಗೋಡೆ ಹಂಚಿಕೊಂಡಿದ್ದ ಅವರ ಓರಗಿತ್ತಿ ಜಯಮ್ಮನ ಮನೆ ಕರೆಯುವ ಗುಂಪಿಗೆ. ಓರಗಿತ್ತಿಯರ ನಡುವೆ ಒಂದು ನೀರಿನ ಸಂಪಿನ ವಿಷಯಕ್ಕೆ ಮಾತು ಬಿಟ್ಟು ಬಹಳ ಕಾಲವಾಗಿತ್ತು. ಹನುಮಕ್ಕನ ಮನೆಯನ್ನು ಪ್ರಯೋಗದಿಂದಲೇ ಕೈಬಿಡು ತಾಯಿ ಎಂದು ನಾನು ಬೇಡಿಕೊಂಡೆ. ಬೇಕಾದವರ ಮನೆ ಅಂತ ಒಂದನ್ನು ತೆಗೆದರೆ ನಾಳೆ ಇನ್ನೊಂದನ್ನು ತೆಗೆಯಬೇಕಾಗುತ್ತದೆ, ಅದು ಮೋಸ ಎಂದಳು. ಆ ವಯಸ್ಸಿನವರಿಗೆ ಮೋಸ ಯಾವುದು ಎಂಬುದು ಬಹಳ ಸ್ಪಷ್ಟವಾಗಿ ಗೊತ್ತಿರುತ್ತದೆ.

ಕರೆಯಲು ಹೊರಟ ದಿನ ನಾನೂ ಅವಳೂ ಸೀರೆ ಉಟ್ಟಿದ್ದೆವು. ಅವಳಿಗೆ ಸೀರೆ ಉಡಿಸಿದವರು ಹನುಮಕ್ಕನೇ. ಉಡಿಸಿ, ನೆರಿಗೆ ಸರಿಮಾಡಿ, ನಮ್ಮನ್ನು ಕಳಿಸಿ, ತಾವೂ ರೇಷ್ಮೆ ಸೀರೆ ಉಟ್ಟು ಜಗಲಿಯ ಮೇಲೆ ಬಂದು ನಿಂತಿದ್ದರು. ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಟ್ಟಿದ್ದರು. ಊರಿನ ಮೇಲಿನ ಬೀದಿ ಮುಗಿಸಿ ನಾವು ಕುಂಕುಮದ ತಟ್ಟೆ ಹಿಡಿದು ಬರುವುದನ್ನು ನೋಡಿ ಎರಡು ಹೆಜ್ಜೆ ಮುಂದೆ ಬಂದರು. ವಾಂಜಿರು ತಲೆ ತಗ್ಗಿಸಿಕೊಂಡು ಆ ರಂಗೋಲಿಯನ್ನು ದಾಟಿ ಜಯಮ್ಮನ ಬಾಗಿಲಿಗೆ ಹೋದಳು. ನಾನು ಅವಳ ಹಿಂದೆ ಹೋದೆ. ಜಯಮ್ಮ ನಮ್ಮನ್ನು ಬರಮಾಡಿಕೊಂಡ ದನಿ ಬೀದಿಯ ಕೊನೆಯವರೆಗೂ ಕೇಳಿಸಿರಬೇಕು. ತಿರುಗಿ ನೋಡುವ ಧೈರ್ಯ ನನಗೆ ಬರಲಿಲ್ಲ. ಅಷ್ಟು ಸಂಕಟ ಆ ಕೆಲಸದಲ್ಲಿ ನನಗೆ ಮತ್ತೆಂದೂ ಆಗಿಲ್ಲ.

ಹನುಮಕ್ಕ ಜಗಳವಾಡಲಿಲ್ಲ, ರೂಮು ಖಾಲಿ ಮಾಡು ಎನ್ನಲಿಲ್ಲ. ಊಟ ಮಹಡಿಗೆ ಹೋಗುವುದು ನಿಂತಿತು. ಮೆಟ್ಟಿಲಲ್ಲಿ ಎದುರಾದರೆ ಪಕ್ಕಕ್ಕೆ ಸರಿದು, ಹೋಗಿ ಮೇಡಂ ಎಂದು ದಾರಿ ಬಿಡುತ್ತಿದ್ದರು. ವಾಂಜಿರು ಫೋನಿನಲ್ಲಿ ನನ್ನ ಹತ್ತಿರ ಅತ್ತಳು. ಇನ್ನು ಸ್ವಲ್ಪ ದಿನ, ಮಾರ್ಚ್ ಮುಗಿಯಲಿ ಎಂದೆ.

ಇತ್ತ ಅರಳಿಕಟ್ಟೆಯ ಮೇಲೆ ಗಂಡಸರು ನಮ್ಮದೇ ವಿಷಯದಲ್ಲಿ ಒಂದು ಸಂಶೋಧನೆ ಶುರುಮಾಡಿದ್ದರು. ಕರೆದವರು ಯಾರು, ಬಿಟ್ಟವರು ಯಾರು, ಯಾಕೆ. ಕಳೆದ ಸಲ ಪಂಚಾಯಿತಿ ಅಧ್ಯಕ್ಷರಿಗೆ ಓಟು ಹಾಕಿದವರನ್ನು ಕರೆದಿದ್ದಾರೆ ಎಂದು ಒಂದು ವಾದ. ಆದರೆ ಅಧ್ಯಕ್ಷರ ಅಣ್ಣನ ಮನೆಯನ್ನೇ ಬಿಟ್ಟಿದ್ದೆವು. ಮೂಡಣ ಬಾಗಿಲಿನ ಮನೆಗಳನ್ನು ಮಾತ್ರ ಕರೆದಿದ್ದಾರೆ ಎಂದು ಇನ್ನೊಂದು. ನಿವೃತ್ತ ಫೋರ್‌ಮನ್ ಒಬ್ಬರು ಎರಡು ಸಲ ಊರು ಸುತ್ತಿ ಬಂದು, ನಾಯಿ ಇರುವ ಮನೆಗಳನ್ನು ಬಿಟ್ಟಿದ್ದಾರೆ, ಆ ಹುಡುಗಿಗೆ ನಾಯಿ ಕಂಡರೆ ಭಯ ಎಂದು ತೀರ್ಮಾನ ಕೊಟ್ಟರು. ಯಾವುದೋ ಯಂತ್ರ ಕಣ್ಣುಮುಚ್ಚಿ ಆರಿಸಿತು ಎಂದು ಯಾರಿಗೂ ಹೊಳೆಯಲಿಲ್ಲ. ಊರಿನಲ್ಲಿ ಯಾರೂ ಯಾರನ್ನೂ ಕಾರಣವಿಲ್ಲದೆ ಬಿಡುವುದಿಲ್ಲ.

ಏಪ್ರಿಲಿನಲ್ಲಿ ಅಂಕಿ ಬಂತು. ಕರೆದ ಮನೆಗಳವರು ಬಹುಪಾಲು ಕಟ್ಟಿದ್ದರು, ಕರೆಯದ ಮನೆಗಳವರು ಬಹುಪಾಲು ಕಟ್ಟಿರಲಿಲ್ಲ. ಅಂಥ ಅಂತರವನ್ನು ನಮ್ಮ ಸಂಸ್ಥೆಯಲ್ಲಿ ಯಾರೂ ನೋಡಿರಲಿಲ್ಲ. ಮೂರು ನಕ್ಷತ್ರ. ಪ್ರೊಫೆಸರ್ ಲ್ಯಾಪ್‌ಟಾಪಿನ ಪರದೆಯೊಳಗೆ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಿರ್ದೇಶಕರು ಕಚೇರಿಗೆಲ್ಲ ಬಾದಾಮಿ ಹಾಲು ತರಿಸಿದರು. ವಾಂಜಿರು ನನ್ನನ್ನು ಅಪ್ಪಿಕೊಂಡು ಕುಣಿದಳು, ನನಗೂ ಖುಷಿಯಾಯಿತು.

ಉಳಿದದ್ದು ಒಂದೇ ಕೆಲಸ, ಕೊನೆಯ ಪ್ರಶ್ನೆ. ಕಟ್ಟದವರ ಮನೆಗೆ ಹೋಗಿ ಯಾಕೆ ಕಟ್ಟಲಿಲ್ಲ ಎಂದು ಕೇಳಬೇಕು. ಟ್ಯಾಬಿನಲ್ಲಿ ಉತ್ತರಗಳು ಸಿದ್ಧವಾಗಿದ್ದವು: ದುಡ್ಡಿರಲಿಲ್ಲ, ಮರೆತೆ, ಪಂಚಾಯಿತಿಯ ಮೇಲೆ ನಂಬಿಕೆಯಿಲ್ಲ, ಇತರೆ. ಮೊದಲು ಹನುಮಕ್ಕನ ಮನೆಗೇ ಹೋದೆವು. ಅವರು ಕುರ್ಚಿ ಹಾಕಿಸಿ ಕೂರಿಸಿದರು. ನಾನು ಪ್ರಶ್ನೆ ಕೇಳಿದೆ.

"ವರ್ಸಾ ವರ್ಸಾ ನಾನೇ ಓಗಿ ಕಟ್ಟಿ ಬತ್ತಿದ್ದೆ, ಶಾರದಮ್ಮ. ಈ ಸಲ ಕಟ್ಲಿಲ್ಲ. ಬೀದಿಯೋರ್ನೆಲ್ಲ ಕರ್ದು ನನ್ನೊಬ್ಳನ್ನ ಬಿಟ್ಟ ಮನೆ ಒಸ್ಲು ನಾನು ತುಳಿಯಾಕಿಲ್ಲ. ಅದು ಪಂಚಾಯ್ತಿ ಆದ್ರೇನು, ಅರಮನೆ ಆದ್ರೇನು."

ಹೇಳಿದ್ದನ್ನು ಹೇಳಿದ ಹಾಗೆ ಇಂಗ್ಲಿಷಿಗೆ ತಂದೆ. ವಾಂಜಿರು ಟ್ಯಾಬ್ ಹಿಡಿದು ಎದ್ದಳು. ಮುಂದಿನ ಮನೆ, ಅದರ ಮುಂದಿನ ಮನೆ, ಹಿಂದಿನ ಬೀದಿ. ಮಾತು ಬೇರೆ ಬೇರೆ, ಉತ್ತರ ಅದೇ. ಸಂಜೆ ಪಂಚಾಯಿತಿಗೆ ಹೋಗಿ ಹಿಂದಿನ ವರ್ಷದ ಅಂಕಿ ಕೇಳಿ ತಂದಳು. ಕರೆದ ಮನೆಯವರು ಹಿಂದಿನ ವರ್ಷವೂ ಅಷ್ಟೇ ಕಟ್ಟಿದ್ದರು. ಕರೆಯದ ಮನೆಯವರೂ ಆಗ ಅಷ್ಟೇ ಕಟ್ಟಿದ್ದರು. ಅಂದರೆ ನಾವು ಕರೆದದ್ದರಿಂದ ಯಾರೂ ಹೆಚ್ಚು ಕಟ್ಟಿರಲಿಲ್ಲ. ಕರೆಯದೆ ಅವಮಾನ ಮಾಡಿದ್ದರಿಂದ ಅರ್ಧ ಊರು ಕಟ್ಟುವುದನ್ನು ನಿಲ್ಲಿಸಿತ್ತು. ಮೂರು ನಕ್ಷತ್ರ ಬಂದದ್ದು ಅದಕ್ಕೆ.

ಪ್ರೊಫೆಸರ್ ಹೇಳಿದ್ದನ್ನು ಅವಳೇ ನನಗೆ ತಿಳಿಸಿದಳು. 'ಇತರೆ' ಎಂಬ ಗುಂಡಿ ಇರುವುದು ಅದಕ್ಕೇ, ಒಂದು ಅಡಿಟಿಪ್ಪಣಿ ಹಾಕಿ ಮುಂದೆ ಹೋಗು ಎಂದರಂತೆ. ನಿರ್ದೇಶಕರು ನನ್ನನ್ನೇ ಕರೆಸಿ, ಒಳ್ಳೆ ಟೇಬಲ್ ಬಂದಿದೆ, ಸುಮ್ನೆ ಕೆದಕಬೇಡಿ ಅಂತ ಆ ಹುಡುಗಿಗೆ ನೀವಾದರೂ ಹೇಳಿ ಎಂದರು. ನಾನು ಹೇಳಿದೆ ಕೂಡ. ಅವಳ ಜಾಗದಲ್ಲಿ ನನ್ನ ಮಗಳಿದ್ದರೂ ಹಾಗೆಯೇ ಹೇಳುತ್ತಿದ್ದೆ. ಅವಳು ಕೇಳಿಸಿಕೊಂಡು, ಕುಂಕುಮದ ತಟ್ಟೆ ಎಲ್ಲಿದೆ ಎಂದಳು. ಈಗ ಪ್ರಯೋಗ ಮುಗಿದಿದೆ, ಕರೆಯದೆ ಬಿಟ್ಟ ಮನೆಗಳಿಗೆಲ್ಲ ಹೋಗಿ ನಡೆದದ್ದನ್ನು ಹೇಳಬೇಕು ಎಂದಳು.

ಆ ಸಂಜೆ ಹನುಮಕ್ಕನ ಹೊಸಿಲಲ್ಲಿ ನಿಂತು ಅವಳೇ ಕನ್ನಡದಲ್ಲಿ, ಅಮ್ಮ ತಪ್ಪಾಯ್ತು ಎಂದಳು. ಉಳಿದದ್ದನ್ನು ನಾನು ಬಿಡಿಸಿ ಹೇಳಿದೆ. ಕಂಪ್ಯೂಟರು, ಚೀಟಿ, ಹೇಳಬಾರದೆಂಬ ನಿಯಮ, ಎಲ್ಲ. ಹನುಮಕ್ಕ ಸೆರಗಿನ ತುದಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಚೀಟಿ ಎತ್ತಾದಾದ್ರೆ ನಮ್ ಮುಂದೆ ಎತ್ಬೇಕಿತ್ತು, ಮಗ. ಚೀಟಿ ದುಡ್ಡು ಎತ್ತುವಾಗ ನೋಡಿಲ್ವ, ಎಸ್ರು ಬರ್ದೇ ಇದ್ದೋಳು ಬಾಯ್ ಮುಚ್ಕಂಡು ಎದ್ ಓಯ್ತಾಳೆ. ನಿನ್ನೊಬ್ಳ ರೂಮಾಗೆ ಎತ್ಕಂಡ್ರೆ ನಾವೇನಂದ್ಕಬೇಕು?"

'ಮಗ' ಎಂದದ್ದು ಕೇಳಿ ವಾಂಜಿರುವಿನ ಕಣ್ಣು ತುಂಬಿತು. ಹನುಮಕ್ಕ ಕುಂಕುಮ ಇಟ್ಟುಕೊಂಡು, ನಾನು ಹೇಳಿದ್ದರಿಂದ ನಿನಗೇನಾದರೂ ತೊಂದರೆಯಾ ಎಂದು ಕೇಳಿದರು. ನಾನು ಸುಮ್ಮನಿರಬೇಕಿತ್ತೇನೋ. ಇದೂ ಒಂಥರಾ ಪರೀಕ್ಷೆ ಹನುಮಕ್ಕ, ದುಡ್ಡಿರಲಿಲ್ಲ, ಮರೆತೆ ಅಂತ ನೀವೆಲ್ಲ ಹೇಳಿದ್ದರೆ ಇವಳು ಪಾಸು, ಈಗ ಹೇಳಿದ್ದನ್ನೇ ಬರೆದುಕೊಂಡರೆ ಫೇಲು ಎಂದುಬಿಟ್ಟೆ. ಹನುಮಕ್ಕ ಒಳಗೆ ಹೋಗಿ ತಟ್ಟೆ ಇಟ್ಟು ಹುಡುಗಿಯನ್ನು ಊಟಕ್ಕೆ ಕೂರಿಸಿದರು.

ಮಾರನೆಯ ಬೆಳಿಗ್ಗೆ ವಾಂಜಿರುವಿನ ಫೋನ್ ಬಂತು, ಕೂಡಲೇ ಬರಬೇಕೆಂದು. ಹೋಗಿ ನೋಡಿದರೆ ಹನುಮಕ್ಕನ ಮನೆ ಮುಂದೆ ಕರೆಯದೆ ಬಿಟ್ಟ ಮನೆಗಳ ಹೆಂಗಸರೆಲ್ಲ ಸೇರಿದ್ದರು. ಎಲ್ಲರೂ ಹಳೇ ಸೀರೆ ಉಟ್ಟಿದ್ದರು. ಮೂರಂತಸ್ತಿನ ಬಾಡಿಗೆ ಮನೆಯ ಒಡತಿ, ಪೆಟ್ರೋಲ್ ಬಂಕಿಗೆ ಜಾಗ ಕೊಟ್ಟವಳು, ಮಗನಿಗೆ ಹೊಸ ಕಾರು ತೆಗೆಸಿಕೊಟ್ಟವಳು, ಒಬ್ಬೊಬ್ಬರೇ ಟ್ಯಾಬಿನ ಮುಂದೆ ಬಂದು ಕೂತು, ದುಡ್ಡಿರಲಿಲ್ಲ ಕಣವ್ವ, ಅದಕ್ಕೇ ಕಟ್ಟಲಿಲ್ಲ, ಹಿಂದಿನ ಸಲ ಹೇಳಿದ್ದು ಸುಳ್ಳು ಎಂದು ಹೇಳಿ ಎದ್ದು ಹೋದರು. ಮರೆತೆವು ಎನ್ನಬಹುದಿತ್ತಲ್ಲ ಎಂದು ನಾನು ಹನುಮಕ್ಕನನ್ನು ಮೆಲ್ಲಗೆ ಕೇಳಿದೆ. ಅರ್ಧ ಊರು ಒಂದೇ ಸಲ ಮರೆತರೆ ಯಾರು ನಂಬುತ್ತಾರೆ, ದುಡ್ಡಿಲ್ಲ ಅಂದರೆ ಎಲ್ಲರೂ ನಂಬುತ್ತಾರೆ ಎಂದರು. ಆ ಹೆಂಗಸು ನೆಂಟರ ಮನೆಗೆ ಹೋದಾಗ ಬಸ್ ಚಾರ್ಜನ್ನು ಕೂಡ ಇನ್ನೊಬ್ಬರು ಕೊಡಲು ಬಿಟ್ಟವರಲ್ಲ. ಕೊನೆಗೆ ತಮ್ಮ ಸರದಿ ಬಂದಾಗ ಕತ್ತಿನ ಸರವನ್ನು ರವಿಕೆಯೊಳಕ್ಕೆ ಸೇರಿಸಿಕೊಂಡು ಕೂತರು.

"ಬರ್ಕೋ ಮಗ. ಅನುಮಕ್ಕನ ತಾವ ದುಡ್ಡಿರ್ಲಿಲ್ಲ."

ವಾಂಜಿರುವಿಗೆ ಅನುವಾದ ಬೇಕಾಗಲಿಲ್ಲ. ಅವಳು ಬೆರಳನ್ನು ಟ್ಯಾಬಿನ ಮೇಲೆ ಎತ್ತಿ ಹಿಡಿದು ನನ್ನ ಮುಖ ನೋಡಿದಳು. ಬೆಳಗಿನಿಂದ ಎಲ್ಲರಿಗೂ ಒತ್ತಿದಂತೆ ಹನುಮಕ್ಕನಿಗೂ 'ಇತರೆ' ಎಂಬುದನ್ನೇ ಒತ್ತಿದಳು. ಅದರ ಕೆಳಗಿನ ಜಾಗದಲ್ಲಿ ಅವರು ಮೊದಲು ಹೇಳಿದ್ದ, ಹೊಸಿಲು ತುಳಿಯುವುದಿಲ್ಲ ಎಂಬ ಮಾತನ್ನು ಬರೆದಳು. ಆ ಅಧ್ಯಾಯವನ್ನು ಪ್ರೊಫೆಸರ್ ಒಪ್ಪಲಿಲ್ಲ. ವಿದ್ಯಾರ್ಥಿವೇತನ ಮುಗಿಯಿತು. ಅವಳು ತನ್ನ ದೇಶಕ್ಕೆ ಹಿಂತಿರುಗಿ ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡು, ಬೇರೆ ವಿಷಯ ಹಿಡಿದು ಮೊದಲಿನಿಂದ ಶುರುಮಾಡಿದಳು. ಇನ್ನೂ ಮುಗಿದಿಲ್ಲ.

ಆ ಬೆಳಿಗ್ಗೆ ಅವಳು ಟ್ಯಾಬ್ ಮುಚ್ಚಿ ಕಣ್ಣೊರೆಸಿಕೊಂಡು ಮಹಡಿಗೆ ಹೋದ ಮೇಲೆ ಹನುಮಕ್ಕ ನನ್ನ ಪಕ್ಕಕ್ಕೆ ಬಂದು ಕೂತರು.

"ಏನ್ ಬರ್ಕಂಡ್ಳು, ಶಾರದಮ್ಮ?"

"ದುಡ್ಡಿರಲಿಲ್ಲ ಅಂತ ಬರ್ಕೊಂಡ್ಳು" ಎಂದೆ.

"ಎಲ್ರುದೂ?"

"ಎಲ್ರುದೂ."

"ಅಂಗಾದ್ರೆ ಪಾಸಾಯ್ತಾಳೆ?"

"ಆಗ್ತಾಳೆ" ಎಂದೆ.

ಹನುಮಕ್ಕ ಎದ್ದು, ಬೀದಿಯಲ್ಲಿ ಇನ್ನೂ ಕಾಯುತ್ತ ನಿಂತಿದ್ದ ಹೆಂಗಸರಿಗೆ ಹುಡುಗಿ ಪಾಸು ಎಂದು ಹೇಳಲು ಹೋದರು.